ಹೆಸರಿನಲ್ಲಿ ನಾಲ್ಕು ಕಾಲು, ಮೈಗೆ ಆರು: ಕಾಫಿ ಬೋರರ್ ಕಥೆ

ಕಡೂರು, ಅಜ್ಜಂಪುರ ಅಂದ್ರೆ ತೆಂಗು, ಈರುಳ್ಳಿಯ ಬಯಲುಸೀಮೆ; ತರೀಕೆರೆ ಅಂದ್ರೆ ಅಡಿಕೆ. ಈ ಊರುಗಳಿಗೂ ಕಾಫಿ ಹುಳಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ. 1947ರವರೆಗೆ ಇಡೀ ಚಿಕ್ಕಮಗಳೂರು ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಬಾಬಾಬುಡನ್‌ಗಿರಿಯ ಕಾಫಿ ತೋಟಗಳೂ ಸರ್ಕಾರಿ ಕಾಗದದಲ್ಲಿ ಕಡೂರಿನವೇ ಆಗಿದ್ದವು. ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿ ಹತ್ತಿದರೆ ಇವತ್ತಿಗೂ ನೀವಿರೋದು ತರೀಕೆರೆ ತಾಲ್ಲೂಕಿನಲ್ಲೇ.

ಕಡೂರು ಜಿಲ್ಲೆ ರಚನೆಯಾದದ್ದು 1863ರಲ್ಲಿ. ಅದೇ ವರ್ಷ ಫ್ರಾನ್ಸಿನ ಕೀಟತಜ್ಞ ಒಗಸ್ಟ್ ಶೆವ್ರೊಲಾ ಒಂದು ದುಂಬಿಯನ್ನು ವಿವರಿಸಿ, ಅದಕ್ಕೆ ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್ ಎಂದು ಹೆಸರಿಟ್ಟ. ನಮ್ಮ ಬೆಳೆಗಾರರು ಬೋರರ್ ಅಥವಾ ಬಿಳಿ ಕಾಂಡಕೊರಕ ಅನ್ನೋದು ಇದನ್ನೇ.

ಹೊಸ ಪ್ರಭೇದವನ್ನು ವಿವರಿಸೋದು ಅಂದ್ರೇನು? ಆ ಕಾಲಕ್ಕೆ ಡಿಎನ್‌ಎ ಪರೀಕ್ಷೆ ಇರಲಿಲ್ಲ. ಸೂಜಿಗೆ ಚುಚ್ಚಿಟ್ಟ ಒಣ ದುಂಬಿ, ಒಂದು ಭೂತಗನ್ನಡಿ, ಹೋಲಿಸಲು ಅದರ ದಾಯಾದಿ ದುಂಬಿಗಳು, ಇಷ್ಟೇ ಸಾಮಗ್ರಿ. ತಲೆ, ಮೀಸೆ, ಎದೆಯ ಮೇಲಿನ ಗುರಾಣಿ, ಗಟ್ಟಿ ರೆಕ್ಕೆಕವಚ, ಕಾಲು ಎಂದು ಒಂದೊಂದನ್ನೇ ನೋಡಿ ಬರೆಯಬೇಕು. ನಮ್ಮ ಬೋರರ್ ಒಂದರಿಂದ ಎರಡು ಸೆಂಟಿಮೀಟರ್ ಉದ್ದ, ಸಪೂರ ಮೈ, ಕಪ್ಪು ಬಣ್ಣ. ಕವಚದ ಮೇಲೆ ಬೂದು-ಬಿಳಿ ಕೂದಲಿನ ಪಟ್ಟೆಗಳು. ಗಂಡಿನ ತಲೆಯ ಮೇಲೆ ಉಬ್ಬಿದ ಕಪ್ಪು ಏಣುಗಳಿವೆ. ಹೆಣ್ಣನ್ನೂ ಗಂಡನ್ನೂ ಬೇರೆ ಮಾಡಲು ಅದೇ ಗುರುತು.

ಇನ್ನು ಹೆಸರು. ಲ್ಯಾಟಿನ್‌ನಲ್ಲಿ ಕ್ವಾಡ್ರಿಪೆಸ್ ಅಂದ್ರೆ ನಾಲ್ಕು ಕಾಲಿನದು. ಹುಳಕ್ಕಿರೋದು ಆರು! ಆದರೂ ಹೆಸರು ಬದಲಾಗಿಲ್ಲ. ಅರ್ಥ ಹೊಂದೋದಿಲ್ಲ ಅಂತ ಮೊದಲಿಟ್ಟ ಹೆಸರನ್ನು ತೆಗೆಯುವ ಹಾಗಿಲ್ಲ, ಅದು ಪ್ರಾಣಿನಾಮಕರಣದ ನಿಯಮ. ಹೆಸರು ಬರೀ ಚೀಟಿ. ಹುಳವನ್ನು ಗುರುತಿಸಿಕೊಡೋದು ವಿವರಣೆ.

ವಿವರಣೆ ಬಂದ ಕೆಲವೇ ವರ್ಷಗಳಲ್ಲಿ ಮೈಸೂರು, ಕೊಡಗು, ವಯನಾಡಿನ ತೋಟಗಳನ್ನು ಬೋರರ್ ಹಾಳುಗೆಡವಿತು. ಮದ್ರಾಸಿನ ವೈದ್ಯಾಧಿಕಾರಿ ಜಾರ್ಜ್ ಬಿಡಿ ತನಿಖೆ ನಡೆಸಿದರು. ಅವರ ವರದಿ 1869ರಲ್ಲಿ ಅಚ್ಚಾಯಿತು. ಅವರು ಒತ್ತಿ ಹೇಳಿದ್ದು ನೆರಳಿನ ವಿಷಯ. ಮರ ಕಡಿದು ಬಿಸಿಲಿಗೆ ಬಿಟ್ಟ ಗಿಡಕ್ಕೇ ಕಾಟ ಹೆಚ್ಚು. ಇವತ್ತು ಎಸ್ಟೇಟುಗಳಲ್ಲಿ ಸಿಲ್ವರ್ ಓಕ್, ಹಾಲುವಾಣದ ನೆರಳು ನೋಡುವಾಗ ನನಗೆ ಈ ಮಾತು ನೆನಪಾಗುತ್ತೆ.

ಗುರುತು ತಪ್ಪಿದರೆ ಏನಾಗುತ್ತೆ ನೋಡಿ. ಕಾಫಿ ಕಾಂಡ ಕೊರೆಯುವ ಇನ್ನೊಂದು ಹುಳವಿದೆ, ಕೆಂಪು ಕಾಂಡಕೊರಕ. ಅದು ದುಂಬಿಯೇ ಅಲ್ಲ, ಪತಂಗದ ಮರಿ. ಅದು ಹಿಕ್ಕೆಯನ್ನು ಉಂಡೆ ಉಂಡೆಯಾಗಿ ರಂಧ್ರದಿಂದ ಹೊರಗೆ ಚೆಲ್ಲುತ್ತೆ, ಬುಡದಲ್ಲೇ ಕಾಣುತ್ತೆ. ಬಿಳಿ ಕೊರಕದ ಮರಿ ಹಾಗಲ್ಲ. ಕೊರೆದ ಪುಡಿಯನ್ನು ಸುರಂಗದೊಳಗೇ ಗಿಡಿದು ತುಂಬುತ್ತೆ, ಒಂಬತ್ತು-ಹತ್ತು ತಿಂಗಳು ಒಳಗೇ ಇರುತ್ತೆ. ಎಲೆ ಹಳದಿಯಾಗಿ ಬಾಗುವ ಹೊತ್ತಿಗೆ ಅರೇಬಿಕಾ ಗಿಡದ ಕಥೆ ಮುಗಿದಿರುತ್ತೆ. ಆಗ ಕಿತ್ತು ಸುಡೋದೊಂದೇ ದಾರಿ.

ಹಾಗಾಗಿ ದುಂಬಿ ಹಾರುವ ಕಾಲ, ಅಂದರೆ ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್, ಬಹಳ ಮುಖ್ಯ. ಅದಕ್ಕೂ ಮೊದಲೇ ಕಾಂಡದ ಸಡಿಲ ತೊಗಟೆ ಉಜ್ಜಿದರೆ ಮೊಟ್ಟೆಯಿಡಲು ಬಿರುಕು ಸಿಗೋದಿಲ್ಲ. ಗಂಡು ದುಂಬಿಯ ವಾಸನೆಯನ್ನೇ ತಯಾರಿಸಿ ಕಟ್ಟುವ ಮೋಹಕ ಬಲೆಗಳೂ ಈಗ ಇವೆ. ಬಲೆಗೆ ಬಿದ್ದದ್ದು ಯಾವ ಹುಳ ಅಂತ ತಿಳಿಯಲು ಮಾತ್ರ ಆ ಪಟ್ಟೆ, ಆ ಏಣುಗಳನ್ನೇ ನೋಡಬೇಕು.