ಒಂದೇ ಕಟ್ಟಡ, ಎರಡು ವಿವರಣೆ

ಬಿಮ್ ಅಂದರೆ ರೆವಿಟ್, ರೆವಿಟ್ ಅಂದರೆ ಆಟೋಡೆಸ್ಕ್, ಎಲ್ಲ ಶುರುವಾಗಿದ್ದು 2000ದ ಈಚೆಗೆ. ನಮ್ಮ ಫೀಲ್ಡಿಗೆ ಹೊಸದಾಗಿ ಬರುವವರ ತಲೆಯಲ್ಲಿ ಚರಿತ್ರೆ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್ ಅನ್ನುವುದರ ಮೊಟಕು ಹೆಸರು ಬಿಮ್. ಕಟ್ಟಡವನ್ನು ಬರೀ ಗೆರೆಗಳಲ್ಲಿ ಬರೆಯದೆ, ಗೋಡೆ, ಕಿಟಕಿ, ಪೈಪು ಅನ್ನುವ ವಸ್ತುಗಳಾಗಿ, ಅವುಗಳ ಅಳತೆ ಮತ್ತು ಗುಣಗಳ ಸಮೇತ ಕಂಪ್ಯೂಟರಿನಲ್ಲಿ ಕಟ್ಟುವುದು. ಈ ವಿಚಾರಕ್ಕೆ 50 ವರ್ಷ ತುಂಬಿದೆ. ಅದರಲ್ಲಿ ಒಂದು ಅರ್ಧ ಗೆದ್ದು, ಇನ್ನೊಂದು ಅರ್ಧ ಹಿಂದೆ ಬಿದ್ದಿದ್ದು ಹೇಗೆ ಅನ್ನೋದು ನನಗೆ ಬಹಳ ಕುತೂಹಲದ ಸಂಗತಿ.

1975ರಲ್ಲಿ ಚಾರ್ಲ್ಸ್ ಈಸ್ಟ್‌ಮನ್ ಎಂಬ ಪ್ರೊಫೆಸರ್ ಅಮೆರಿಕದ ಆರ್ಕಿಟೆಕ್ಟುಗಳ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಆಗ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದರು. ಅವರ ತಕರಾರು ಸರಳ. ಒಂದೇ ಗೋಡೆಯನ್ನು ಪ್ಲಾನಿನಲ್ಲಿ ಒಂದು ಸಲ, ಸೆಕ್ಷನ್ನಿನಲ್ಲಿ ಒಂದು ಸಲ, ಎಲಿವೇಶನ್ನಿನಲ್ಲಿ ಮತ್ತೊಂದು ಸಲ ಬರೆಯಬೇಕು. ಗೋಡೆ ಒಂದಡಿ ಸರಿದರೆ ಎಲ್ಲ ಹಾಳೆಗಳನ್ನೂ ತಿದ್ದಬೇಕು. ಒಂದು ಹಾಳೆ ಬಿಟ್ಟುಹೋದರೆ ಸೈಟಿನಲ್ಲಿ ಜಗಳ. ಬದಲಿಗೆ ಕಟ್ಟಡವನ್ನು ಒಂದೇ ಸಲ ವಿವರಿಸಿ, ಡ್ರಾಯಿಂಗುಗಳೆಲ್ಲ ಅದರಿಂದ ತಾವಾಗಿ ಹುಟ್ಟಲಿ ಅಂದರು. ಸಾಮಗ್ರಿಯ ಲೆಕ್ಕ, ಖರ್ಚಿನ ಅಂದಾಜು, ಬೇರೆ ಯಾವ ವಿಶ್ಲೇಷಣೆ ಬೇಕಿದ್ದರೂ ಅದೇ ವಿವರಣೆಯ ಮೇಲೆ ನಡೆಯಲಿ. ಬೈಲಾ ಪ್ರಕಾರ ಇದೆಯೋ ಇಲ್ಲವೋ ಅಂತ ನಗರಸಭೆಯ ಕಂಪ್ಯೂಟರೇ ನೋಡಬಹುದು ಎಂದೂ ಬರೆದಿದ್ದರು. (ಪ್ಲಾನ್ ಮಂಜೂರಾತಿಗೆ ಅಲೆದವರು ಇಲ್ಲಿ ನಕ್ಕುಬಿಡಿ, ಪರವಾಗಿಲ್ಲ.) ಅವರ ಪ್ರಯೋಗದ ಹೆಸರು ಬಿಲ್ಡಿಂಗ್ ಡಿಸ್ಕ್ರಿಪ್ಶನ್ ಸಿಸ್ಟಮ್. ಅದು ಓಡುತ್ತಿದ್ದುದು ಪಿಡಿಪಿ-10 ಎಂಬ ದೊಡ್ಡ ಯಂತ್ರದಲ್ಲಿ. ಮಾಮೂಲಿ ಆರ್ಕಿಟೆಕ್ಟ್ ಆಫೀಸಿನ ಕೈಗೆಟಕುವ ಮಾತೇ ಅಲ್ಲ.

ಅದೇ ಹೊತ್ತಿಗೆ ಅಮೆರಿಕಕ್ಕೆ ಇನ್ನೊಂದು ತಲೆಬಿಸಿ ಶುರುವಾಗಿತ್ತು. 1973ರಲ್ಲಿ ಅರಬ್ ದೇಶಗಳು ತೈಲ ಕೊಡುವುದನ್ನು ನಿಲ್ಲಿಸಿದ ಮೇಲೆ, ಕಟ್ಟಡಗಳು ಎಷ್ಟು ಇಂಧನ ನುಂಗುತ್ತವೆ ಎಂದು ಸರ್ಕಾರ ಲೆಕ್ಕ ಹಾಕಿಸತೊಡಗಿತು. ಆ ದಶಕದ ಕೊನೆಗೆ, ಬರ್ಕ್ಲಿಯ ರಾಷ್ಟ್ರೀಯ ಪ್ರಯೋಗಾಲಯದವರ ಮುಂದಾಳುತನದಲ್ಲಿ ಡಿಒಇ-2 ಎಂಬ ಪ್ರೋಗ್ರಾಮ್ ಬಂತು. ವರ್ಷದ 8760 ಗಂಟೆಗಳಿಗೂ ಬಿಸಿಲು, ಸೆಖೆ, ಒಳಗಿನ ಜನ, ದೀಪ ಎಲ್ಲ ಲೆಕ್ಕಕ್ಕಿಟ್ಟು ಎಸಿ ಎಷ್ಟು ಕರೆಂಟು ತಿನ್ನುತ್ತದೆ ಅಂತ ಹೇಳುವುದು ಅದರ ಕೆಲಸ. ಕಟ್ಟಡದ ಮಾಹಿತಿಯನ್ನು ಅದಕ್ಕೆ ಸಾಲುಸಾಲಾಗಿ ಟೈಪ್ ಮಾಡಿ ಉಣಿಸಬೇಕಿತ್ತು. ಹಾಗೆ ಉಣಿಸುವ ಭಾಷೆಯ ಹೆಸರೇನು ಗೊತ್ತಾ? ಬಿಲ್ಡಿಂಗ್ ಡಿಸ್ಕ್ರಿಪ್ಶನ್ ಲ್ಯಾಂಗ್ವೇಜ್.

ಒಂದೇ ದೇಶ, ಒಂದೇ ದಶಕ, ಹೆಸರೂ ಹೆಚ್ಚುಕಡಿಮೆ ಒಂದೇ. ಆದರೆ ಈಸ್ಟ್‌ಮನ್ನರ ಸಿಸ್ಟಮ್ಮಿಗೆ ಗೋಡೆಯೆಂದರೆ ದಪ್ಪವಿರುವ ಒಂದು ವಸ್ತು. ಡಿಒಇ-2ಕ್ಕೆ ಗೋಡೆಯೆಂದರೆ ಶಾಖ ದಾಟುವ ಒಂದು ಮೇಲ್ಮೈ, ಅಷ್ಟೇ. ಎರಡು ದಾರಿ ಅಲ್ಲೇ ಕವಲೊಡೆದವು.

ವಸ್ತುಗಳ ದಾರಿ ಮುಂದುವರಿದದ್ದು ಬುಡಾಪೆಸ್ಟಿನಲ್ಲಿ. ಕಮ್ಯುನಿಸ್ಟ್ ಹಂಗೆರಿಯಲ್ಲಿ ಖಾಸಗಿ ಕಂಪನಿ ನಡೆಸುವುದೇ ಕಷ್ಟವಾಗಿದ್ದ ಕಾಲದಲ್ಲಿ, 1982ರಲ್ಲಿ, ಗಾಬೊರ್ ಬೊಯಾರ್ ಗ್ರಾಫಿಸಾಫ್ಟ್ ಶುರುಮಾಡಿದರು. ಮೊದಮೊದಲು ಸಿಕ್ಕ ಕೆಲಸ ಪಾಕ್ಷ್ ಅಣುಸ್ಥಾವರದ ಪೈಪುಗಳನ್ನು ಮೂರು ಆಯಾಮದಲ್ಲಿ ಮಾಡೆಲ್ ಮಾಡುವುದು. ಸೋಜಿಗ ಅಂದರೆ, ಬಿಮ್ ಮಾಡುವ ನಾವು ಇವತ್ತಿಗೂ ಅತಿ ಹೆಚ್ಚು ಹೊತ್ತು ಗುದ್ದಾಡುವುದು ಪೈಪುಗಳ ಜೊತೆಗೇ. 1984ರಲ್ಲಿ ಅವರ ಸಾಫ್ಟ್‌ವೇರ್ ಆ್ಯಪಲ್ಲಿನ ಲಿಸಾ ಕಂಪ್ಯೂಟರಿಗೆ ಬಂತು, ಮುಂದೆ ಅದೇ ಆರ್ಕಿಕ್ಯಾಡ್ ಆಯಿತು. ರೆವಿಟ್ ಬಂದಿದ್ದು 2000ದಲ್ಲಿ, ಯಂತ್ರಭಾಗಗಳ ಡಿಸೈನ್ ಸಾಫ್ಟ್‌ವೇರ್ ಕಂಪನಿಯಿಂದ ಹೊರಬಂದ ಇಬ್ಬರಿಂದ. 'ರಿವೈಸ್ ಇನ್‌ಸ್ಟಂಟ್ಲಿ' ಅನ್ನುವುದೇ ಚಿಕ್ಕದಾಗಿ ರೆವಿಟ್. ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಿದ್ದುತ್ತದೆ, ಈಸ್ಟ್‌ಮನ್ನರ ಹಳೇ ಆಸೆಯೇ. 2002ರಲ್ಲಿ ಆಟೋಡೆಸ್ಕ್ ಅದನ್ನು 13.3 ಕೋಟಿ ಡಾಲರಿಗೆ ಕೊಂಡಿತು.

ಇದು ಮಾರಾಟವಾದದ್ದು ಯಾವ ಕಾರಣಕ್ಕೆ? ಡಕ್ಟು ಬೀಮಿನೊಳಗೆ ತೂರಿಕೊಂಡಿರುವುದು ಸೈಟಿಗಿಂತ ಮೊದಲೇ ಸ್ಕ್ರೀನಿನ ಮೇಲೆ ಕಾಣುತ್ತದೆ, ಅದಕ್ಕೆ. ಒಡೆದು ಕಟ್ಟುವ ಖರ್ಚು ಉಳಿಯುತ್ತದೆ, ಆ ಉಳಿತಾಯ ಬಿಲ್ಡರಿನ ಜೇಬಿಗೇ ಹೋಗುತ್ತದೆ. ಕರೆಂಟಿನ ಉಳಿತಾಯ ಹಾಗಲ್ಲ. ಕಟ್ಟಿ ಮಾರುವವನೊಬ್ಬ, ಬಾಡಿಗೆಗೆ ಕೂತು ಮೂವತ್ತು ವರ್ಷ ಬಿಲ್ ಕಟ್ಟುವವರು ಇನ್ನೊಬ್ಬರು. ಕ್ಲ್ಯಾಶ್ ಹುಡುಕಲು ದುಡ್ಡು ಬಿಚ್ಚುವ ಕ್ಲೈಂಟು ಎನರ್ಜಿ ಲೆಕ್ಕಕ್ಕೆ ಬಂದಾಗ 'ಸರ್ಟಿಫಿಕೇಟಿಗೆ ಎಷ್ಟು ಬೇಕೋ ಅಷ್ಟು ಮಾಡಿ ಸಾಕು' ಅನ್ನುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ.

ಎರಡು ದಾರಿಗಳನ್ನು ಕೂಡಿಸುವ ಪ್ರಯತ್ನ ಆಗಿಲ್ಲ ಅಂತಲ್ಲ. 1990ರ ದಶಕದಿಂದ ಐಎಫ್‌ಸಿ, 2000ದ ಹೊತ್ತಿಗೆ ಜಿಬಿಎಕ್ಸ್‌ಎಂಎಲ್ ಎಂಬ ಫೈಲ್ ಮಾದರಿಗಳು ಸೇತುವೆಯಾಗಿ ಬಂದವು. 2001ರಲ್ಲಿ ಡಿಒಇ-2ರ ಉತ್ತರಾಧಿಕಾರಿ ಎನರ್ಜಿಪ್ಲಸ್ ಬಂತು. ಕಾಗದದ ಮೇಲೆ ಎಲ್ಲ ಸರಿ. ಬಟನ್ ಒತ್ತಿ ರಫ್ತು ಮಾಡಿದಾಗ ಗೊತ್ತಾಗುತ್ತದೆ ಫಜೀತಿ. ಎರಡು ಗೋಡೆ ಸೇರುವ ಮೂಲೆಯಲ್ಲಿ ಹತ್ತು ಮಿಲಿಮೀಟರ್ ಬಿರುಕಿದ್ದರೆ ಡ್ರಾಯಿಂಗಿಗೆ ಏನೂ ಆಗಲ್ಲ, ಶಾಖದ ಲೆಕ್ಕಕ್ಕೆ ಮಾತ್ರ ಆ ರೂಮು ಮುಚ್ಚಿದ ರೂಮೇ ಅಲ್ಲ. ಆರ್ಕಿಟೆಕ್ಟಿನ ರೂಮು ಫಾಲ್ಸ್ ಸೀಲಿಂಗಿಗೆ ಮುಗಿಯುತ್ತದೆ, ಅದರ ಮೇಲಿನ ಟೊಳ್ಳು ಜಾಗ ಯಾರಿಗೂ ಸೇರದೆ ಉಳಿಯುತ್ತದೆ. ಕೊನೆಗೆ ಎನರ್ಜಿ ಮಾಡುವವರು ಆ ಚೆಂದದ ಮಾಡೆಲ್ ಪಕ್ಕಕ್ಕಿಟ್ಟು, ರಟ್ಟಿನ ಡಬ್ಬದಂಥ ಇನ್ನೊಂದು ಕಟ್ಟಡವನ್ನು ಮೊದಲಿಂದ ಬರೆದುಕೊಳ್ಳುತ್ತಾರೆ. ಒಂದೇ ಸಲ ವಿವರಿಸಬೇಕು ಅಂದಿದ್ದ ಕಟ್ಟಡಕ್ಕೆ ಮತ್ತೆ ಎರಡು ವಿವರಣೆ!

ಅಷ್ಟರಲ್ಲಿ ತಡವೂ ಆಗಿರುತ್ತದೆ. ಎಚ್‌ಒಕೆ ಸಂಸ್ಥೆಯ ಪ್ಯಾಟ್ರಿಕ್ ಮೆಕ್ಲೀಮಿ 2004ರಲ್ಲಿ ಬರೆದು ತೋರಿಸಿದ ಗ್ರಾಫ್ ಈ ಫೀಲ್ಡಿನಲ್ಲಿ ಎಲ್ಲರಿಗೂ ಬಾಯಿಪಾಠ: ದಿನ ಕಳೆದಂತೆ ಬದಲಿಸುವ ಖರ್ಚು ಏರುತ್ತದೆ, ಬದಲಿಸಿ ಸಿಗುವ ಲಾಭ ಇಳಿಯುತ್ತದೆ. ಕಟ್ಟಡದ ಮುಖ ಪಶ್ಚಿಮಕ್ಕೋ ಉತ್ತರಕ್ಕೋ, ಗಾಜು ಎಷ್ಟು, ನೆರಳು ಎಲ್ಲಿ ಅನ್ನುವುದು ಮೊದಲ ಕೆಲವು ವಾರಗಳಲ್ಲೇ ತೀರ್ಮಾನವಾಗಿಬಿಡುತ್ತದೆ. ನಮ್ಮ ಬೆಂಗಳೂರಿನ ಟೆಕ್ ಪಾರ್ಕುಗಳನ್ನೇ ನೋಡಿ. ಮಧ್ಯಾಹ್ನ ಮೂರಕ್ಕೆ ಪಶ್ಚಿಮದ ಗಾಜಿನ ಪಕ್ಕ ಕೂತವರು ಬ್ಲೈಂಡ್ ಇಳಿಸಿ ಲೈಟ್ ಹಾಕುತ್ತಾರೆ, ಎಸಿ ಕೆಳಗೆ ಕೂತವರು ಸ್ವೆಟರ್ ಹಾಕುತ್ತಾರೆ. ನಮ್ಮ ದೇಶಕ್ಕೆ 2007ರಲ್ಲೇ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಬಂದಿದೆ, ಸಿಮ್ಯುಲೇಶನ್ ಮಾಡಿ ತೋರಿಸುವ ದಾರಿಯೂ ಅದರಲ್ಲಿದೆ. ಆದರೆ ಗಾಜು ಆರ್ಡರ್ ಆದ ಮೇಲೆ ಮಾಡುವ ಸಿಮ್ಯುಲೇಶನ್ ಮದುವೆಯಾದ ಮೇಲೆ ಜಾತಕ ನೋಡಿದ ಹಾಗೆ.

ಲೆಕ್ಕ ಸರಿಯಾಗಿತ್ತೋ ಇಲ್ಲವೋ ಅಂತ ಕೊನೆಗೆ ಹೇಳುವುದು ಮೀಟರು. ಬ್ರಿಟನ್ನಿನಲ್ಲಿ 1990ರ ದಶಕದ ನಡುವಿನಿಂದ 'ಪ್ರೋಬ್' ಹೆಸರಿನಲ್ಲಿ, ಜನ ಕೂತು ಕೆಲಸ ಮಾಡುತ್ತಿದ್ದ ಹೊಸ ಕಟ್ಟಡಗಳಿಗೆ ಹೋಗಿ ಅಳೆದರು. ಡಿಸೈನ್ ಮಾಡಿದವರು ಹೇಳಿದ್ದಕ್ಕಿಂತ ಹೆಚ್ಚು ಇಂಧನ ಹಲವು ಕಡೆ ಖರ್ಚಾಗುತ್ತಿತ್ತು.

ನಮ್ಮ ಕಡೆಯ ಒಳ್ಳೆಯ ಉದಾಹರಣೆ ಇನ್ಫೋಸಿಸ್ಸಿನದು. ಹೈದರಾಬಾದಿನ ಪೋಚಾರಂ ಕ್ಯಾಂಪಸ್ಸಿನಲ್ಲಿ 2011ರಲ್ಲಿ ಶುರುವಾದ ಕಟ್ಟಡವೊಂದರಲ್ಲಿ ಕಿಟಕಿಯ ಅಳತೆ, ನೆರಳು, ಗೋಡೆಯ ಇನ್ಸುಲೇಶನ್ ಇವನ್ನು ಮೊದಲು ಬಿಗಿಮಾಡಿ, ಎಸಿಯನ್ನು ಎರಡು ಭಾಗ ಮಾಡಿದರು. ಒಂದು ಅರ್ಧಕ್ಕೆ ಮಾಮೂಲಿ ಗಾಳಿಯ ಎಸಿ. ಇನ್ನೊಂದರ ಕಾಂಕ್ರೀಟ್ ಸ್ಲ್ಯಾಬಿನೊಳಗೆ ಪೈಪು ಹಾಯಿಸಿ, ತಣ್ಣೀರು ಹರಿಸಿ ತಂಪು ಮಾಡುವ ರೇಡಿಯಂಟ್ ಕೂಲಿಂಗ್. ಎರಡಕ್ಕೂ ಪ್ರತ್ಯೇಕ ಅಳತೆ. ರೇಡಿಯಂಟ್ ಅರ್ಧ ಸುಮಾರು ಮೂರನೇ ಒಂದು ಭಾಗ ಕಡಿಮೆ ಕರೆಂಟು ತಿಂದಿತು. ಮಾಮೂಲಿ ಎಸಿ ಹಾಕಿದ ಅರ್ಧಕ್ಕೂ ಒಳ್ಳೆಯ ಗೋಡೆ-ಕಿಟಕಿಗಳಿದ್ದವು ಅನ್ನುವುದು ಈ ಅಂಕಿ ಓದುವಾಗ ನೆನಪಿರಲಿ. ಆ ಗೋಡೆ-ಕಿಟಕಿ ಉಳಿಸಿದ್ದು ಈ ಹೋಲಿಕೆಯಲ್ಲಿ ಸೇರಿಲ್ಲ.