ಗೀದೆ
ಗೀದೆ: ಡ್ಯಾನಿಷ್ ಭಾಷೆಯ ಕ್ರಿಯಾಪದ. ಒಂದು ಕೆಲಸಕ್ಕೆ ಮನಸ್ಸು ಬರುವುದು, ಮೈಬಗ್ಗಿಸಲು ಒಪ್ಪುವುದು ಇದರ ಮುಖ್ಯ ಅರ್ಥ. ಹೆಚ್ಚಾಗಿ ಕೇಳಿಬರುವುದು ನಿಷೇಧರೂಪದಲ್ಲಿ. 'ಯಾಯ್ ಗೀದರ್ ಇಕೆ' ಎಂದರೆ 'ನನಗೆ ಮನಸ್ಸಿಲ್ಲ, ಬೇಸರ'. ಶಕ್ತಿಯಿಲ್ಲವೆಂದಲ್ಲ, ಇಚ್ಛೆಯಿಲ್ಲವೆಂದು ಇದರ ಭಾವ; ಕನ್ನಡದ 'ಒಲ್ಲೆ' ಹತ್ತಿರದ ಮಾತು, ಆದರೆ ಅದರಲ್ಲಿ ನಿರಾಕರಣೆಯ ಬಿಗಿ ಹೆಚ್ಚು. ಪ್ರಶ್ನೆಯಾದಾಗ ಇದೇ ಪದ ಕೋರಿಕೆಯಾಗುತ್ತದೆ: ಬಾಗಿಲು ಸ್ವಲ್ಪ ಹಾಕುತ್ತೀಯಾ?

ಮೂಲ ಪ್ರಾಚೀನ ನಾರ್ಸ್‌ನ 'ಗೆತ'. ಅದಕ್ಕೆ ಪಡೆ, ಸಾಧಿಸು, ಶಕ್ತನಾಗು ಎಂಬ ಅರ್ಥಗಳಿದ್ದವು. ಅದೇ ನಾರ್ಸ್ ಪದ ಇಂಗ್ಲಿಷಿಗೂ ಹೋಗಿ 'ಗೆಟ್' ಆಯಿತು. ನಾರ್ವೇಜಿಯನ್ನಿನ 'ಯಿದ್ದೆ', ಸ್ವೀಡಿಷ್‌ನ 'ಯಿತ್ತ' ಇದರ ಒಡಹುಟ್ಟುಗಳು. 'ಮಾಡಬಲ್ಲೆ' ಎಂಬುದು 'ಮಾಡಲು ಮನಸ್ಸಿದೆ' ಎಂದು ಜಾರಿದ ಈ ಅರ್ಥಪಲ್ಲಟವೇ ಪದದ ಚರಿತ್ರೆಯಲ್ಲಿ ಅತ್ಯಂತ ಸ್ವಾರಸ್ಯಕರ ಘಟ್ಟ.

ಭೂತಕಾಲದ ರೂಪ 'ಗಾದ್'. 'ಗಾದ್ ವೀದೆ' ಎಂಬ ನುಡಿಗಟ್ಟಿನಲ್ಲಿ ಅದು ಭೂತಕಾಲವನ್ನು ಸೂಚಿಸದೆ, 'ತಿಳಿಯುವ ಆಸೆ' ಎಂಬ ಕುತೂಹಲವನ್ನು ಹೇಳುತ್ತದೆ.