ಹಳೆಯ ಕಂಪ್ಯೂಟರಿನ ನೀಲಿ ಪರದೆ

ಡೆಂಕಣಿಕೋಟೆ ಕಡೆ ಮನೆಗೆ ಕಂಪ್ಯೂಟರ್ ತಂದಿದ್ದ ಕನ್ನಡ ಮೇಷ್ಟ್ರುಗಳಿಗೆ ಆ ನೀಲಿ ಪರದೆ ನೆನಪಿರುತ್ತದೆ. ಗುಂಡಿ ಒತ್ತಿದರೆ ವಿಂಡೋಸ್ ಬರುವ ಬದಲು ಡಿಸ್ಕ್ ತಪಾಸಣೆ ಶುರುವಾಗುತ್ತಿತ್ತು. ಅದು ನೂರಕ್ಕೆ ನೂರು ಮುಟ್ಟುವಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು. ಇವತ್ತು ಸರಿಹೋಯಿತು ಅಂದುಕೊಂಡರೆ ನಾಳೆ ಮತ್ತೆ ಅದೇ. ಒಳಗಿದ್ದದ್ದು ನಾವೇ ಕೂತು ಟೈಪ್ ಮಾಡಿದ ಪ್ರಶ್ನೆಪತ್ರಿಕೆ, ಪಾಠದ ಟಿಪ್ಪಣಿ. ಗಡಿಯಾಚೆ ಅಂಥವು ಅಂಗಡಿಯಲ್ಲಿ ಸಿಗುವುದಿಲ್ಲವಲ್ಲ!

ಈ ತಪಾಸಣೆಗೆ ದೊಡ್ಡ ಇತಿಹಾಸವಿದೆ. 1981ರಲ್ಲಿ ಐಬಿಎಂ ಪಿಸಿಯ ಜೊತೆ ಬಂದ ಡಾಸ್‌ನಲ್ಲೇ ಚೆಕ್‌ಡಿಸ್ಕ್ ಇತ್ತು. ಆಗ ಆ ಯಂತ್ರಕ್ಕೆ ಹಾರ್ಡ್ ಡಿಸ್ಕೇ ಇರಲಿಲ್ಲ, ಬರೀ ಫ್ಲಾಪಿ. 1983ರ ಎಕ್ಸ್‌ಟಿ ಮಾದರಿಯಲ್ಲಿ 10 ಎಂಬಿ ಡಿಸ್ಕ್ ಬಂತು. ಚೆಕ್‌ಡಿಸ್ಕ್ ನೋಡುತ್ತಿದ್ದದ್ದು ಡಿಸ್ಕನ್ನಲ್ಲ, ಅದರ ಹಾಜರಿ ಪುಸ್ತಕವನ್ನು. ತರಗತಿಯಲ್ಲಿ ಮಗು ಕೂತಿದೆ, ಪುಸ್ತಕದಲ್ಲಿ ಹೆಸರಿಲ್ಲ. ಅಥವಾ ಒಂದೇ ಮಗು ಎರಡು ಹೆಸರಿನಲ್ಲಿದೆ. ಇಂಥ ತಪ್ಪುಗಳನ್ನು ಪತ್ತೆಹಚ್ಚಿ, ಕೆಲವನ್ನು ತಿದ್ದುವುದಷ್ಟೇ ಅದರ ಕೆಲಸ. ಡಿಸ್ಕಿನ ಮೈಯನ್ನೂ ಪರೀಕ್ಷಿಸುವ ಸ್ಕ್ಯಾನ್‌ಡಿಸ್ಕ್ 1993ರಲ್ಲಿ ಡಾಸ್ 6.2ರ ಜೊತೆ ಬಂತು. ವಿಂಡೋಸ್ 98 ಹೊತ್ತಿಗೆ, ಕಂಪ್ಯೂಟರನ್ನು ಸರಿಯಾಗಿ ಮುಚ್ಚದಿದ್ದರೆ ಅದು ತಾನಾಗಿಯೇ ಓಡುತ್ತಿತ್ತು. ಮುಂದಿನ ಸಲ ಸರಿಯಾಗಿ ಮುಚ್ಚಿ ಎಂದು ಬುದ್ಧಿ ಬೇರೆ ಹೇಳುತ್ತಿತ್ತು. ಕರೆಂಟ್ ಹೋದದ್ದಕ್ಕೆ ಬೈಗುಳ ನಮಗೆ! 2008ರಿಂದ ಕೆಲವು ವರ್ಷ ತಮಿಳುನಾಡಿನಲ್ಲಿ ವಿದ್ಯುತ್ ಕಡಿತ ಜೋರಾಗಿತ್ತು. ಯುಪಿಎಸ್ ಬ್ಯಾಟರಿ ಸತ್ತ ಮನೆಗಳಲ್ಲಿ ಆ ಪರದೆ ದಿನನಿತ್ಯದ ದರ್ಶನ.

ಆದರೆ ಕರೆಂಟ್ ಸರಿಯಿದ್ದರೂ ತಪ್ಪು ಮತ್ತೆ ಮತ್ತೆ ಬಂದರೆ? ನಾವು ಎಡವಿದ್ದು ಇಲ್ಲಿಯೇ. ಪ್ರತಿ ಸಲವೂ ರಿಪೇರಿ ಓಡಿಸಿದೆವು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದ ಮೇಲೆ ಮನೆಗಳಲ್ಲೂ ಬಳಕೆಯಾದ ಎನ್‌ಟಿಎಫ್‌ಎಸ್ ಪದ್ಧತಿ, ಹಾಜರಿ ಪುಸ್ತಕದ ಬದಲಾವಣೆಗಳನ್ನು ಮೊದಲೇ ಬೇರೆ ಕಡೆ ಗುರುತು ಹಾಕಿಕೊಳ್ಳುತ್ತದೆ. ಆದ್ದರಿಂದ ಬರೀ ಕರೆಂಟ್ ಹೋದದ್ದಕ್ಕೆ ಪುಸ್ತಕ ಕೆಡುವುದು ಕಡಿಮೆ. ಆಮೇಲೂ ತಪ್ಪು ಬಂದರೆ ಡಿಸ್ಕ್ ಸವೆದಿರಬೇಕು, ಇಲ್ಲವೇ ಕೇಬಲ್ ಸಡಿಲ, ರ‍್ಯಾಮ್ ದೋಷ, ಪವರ್ ಸಪ್ಲೈ ದುರ್ಬಲ. 2000ದ ಆಸುಪಾಸಿನ ಎಷ್ಟೋ ಮದರ್‌ಬೋರ್ಡುಗಳಲ್ಲಿ ಕೆಪಾಸಿಟರುಗಳು ತಲೆ ಉಬ್ಬಿ ಸೋರುತ್ತಿದ್ದವು. ಅದು ಪ್ರಪಂಚದ ತುಂಬ ಹಬ್ಬಿದ್ದ ಪೀಡೆ. ರ‍್ಯಾಮೇ ಕೆಟ್ಟಿರುವಾಗ ರಿಪೇರಿ ಓಡಿಸುವುದೆಂದರೆ, ಕಣ್ಣು ಮಂಜಾದವರ ಕೈಗೆ ಕೆಂಪು ಪೆನ್ನು ಕೊಟ್ಟಂತೆ. ಗೂಗಲ್ಲಿನವರು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಲೆಕ್ಕ ಹೊರಗಿಟ್ಟರು. ತಪಾಸಣೆಯಲ್ಲಿ ಮೊದಲ ತಪ್ಪು ಕಂಡ ಡಿಸ್ಕ್ 60 ದಿನದೊಳಗೆ ಸಾಯುವ ಸಂಭವ, ತಪ್ಪಿಲ್ಲದ ಡಿಸ್ಕಿಗಿಂತ 39 ಪಟ್ಟು. ಅಂದರೆ ಮೊದಲು ನಕಲು, ಆಮೇಲೆ ರಿಪೇರಿ. ನಾವು ಮಾಡಿದ್ದು ತಿರುವುಮುರುವು.

ಇನ್ನೊಂದು ತಪ್ಪು ನೆನೆದರೆ ಹೊಟ್ಟೆ ಉರಿಯುತ್ತದೆ. ತಪಾಸಣೆ ಮುಗಿದ ಮೇಲೆ, ಹೆಸರು ಕಳೆದುಕೊಂಡ ತುಣುಕುಗಳು ಫೈಲ್0000, ಫೈಲ್0001 ಎಂದು ಸಿಎಚ್‌ಕೆ ಬಾಲದೊಡನೆ ಉಳಿಯುತ್ತವೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಇಂಗ್ಲಿಷ್ ಪಿ, ತಲೆಗೀಟಿನ ಎ, ಪೌಂಡ್ ಗುರುತು. ಕಸ ಅಂತ ಎಷ್ಟೋ ಅಳಿಸಿಬಿಟ್ಟೆವು. ಅದು ಕಸವಲ್ಲ ಸ್ವಾಮಿ! ನುಡಿ ಅಕ್ಷರದಲ್ಲಿ 'ಕನ್ನಡ' ಎಂದು ಹೊಡೆದರೆ ಒಳಗೆ ಕೂರುವುದೇ ಹಾಗೆ. 1998ರ ಬರಹ, ಆಮೇಲಿನ ನುಡಿ, ಎರಡರ ಹಳೆಯ ಕಡತಗಳೂ ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟುಗಳು. ಆ ಫಾಂಟ್ ಆರಿಸಿದ್ದರೆ ನಮ್ಮ ಪ್ರಶ್ನೆಪತ್ರಿಕೆ ಅಲ್ಲೇ ಇರುತ್ತಿತ್ತು.

ನಿಮ್ಮ ಶಾಲೆಯ ಬೀರುವಿನಲ್ಲೋ ಮನೆಯ ಅಟ್ಟದಲ್ಲೋ ಅಂಥ ಡಿಸ್ಕ್ ಇದ್ದರೆ, ಯುಎಸ್‌ಬಿ ಕೇಬಲಿನಿಂದ ಬೇರೆ ಕಂಪ್ಯೂಟರಿಗೆ ಜೋಡಿಸಿ. ತಪಾಸಣೆ ಮಾಡಲೇ ಎಂದು ಕೇಳಿದರೆ ಬೇಡ ಅನ್ನಿ. ಸಿಎಚ್‌ಕೆ ತುಣುಕುಗಳನ್ನೂ ಸೇರಿಸಿ ಎಲ್ಲವನ್ನೂ ನಕಲು ಮಾಡಿ, ನುಡಿ ಇಲ್ಲವೇ ಬರಹದ ಫಾಂಟ್ ಹಾಕಿ ಓದಿ. ಯುನಿಕೋಡಿಗೆ ಬದಲಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ.